ಕೇಕಿನ ಬೆಲೆಯೂ ಕೈಯ ಕೂಲಿಯೂ

ಮನೆಯಲ್ಲಿಯೇ ಕೇಕು ಮಾಡಿ, ಅದನ್ನು ಹೂವುಬಳ್ಳಿಗಳಿಂದ ಸಿಂಗರಿಸಿ, ಕೇಳಿದವರಿಗೆ ಮಾರುವ ಗೃಹಿಣಿಯರು ಈಗ ನಮ್ಮ ಪಟ್ಟಣಗಳಲ್ಲಿ ಬಹುಮಂದಿ ಇದ್ದಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಅಂಗಡಿಯ ಕೇಕಿಗಿಂತ ಇಂಥವರ ಕೈಯ ಕೇಕೇ ಬೇಕೆನ್ನುವವರೂ ಕಡಿಮೆಯಲ್ಲ. ಇದು ಸಂತೋಷದ ಸಂಗತಿ. ಆದರೆ ಇವರಲ್ಲಿ ಕೆಲವರು ಒಂದೆರಡು ವರ್ಷ ನಿದ್ದೆಗೆಟ್ಟು ದುಡಿದು, ಕೈಯಲ್ಲಿ ಏನೂ ನಿಲ್ಲದ್ದನ್ನು ಕಂಡು, ಬೇಸತ್ತು ಆ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಕೇಕು ಚೆನ್ನಾಗಿಯೇ ಇರುತ್ತದೆ, ಗಿರಾಕಿಗಳೂ ಬರುತ್ತಾರೆ. ಬೆಲೆ ಕಟ್ಟುವ ಕ್ರಮ ಮಾತ್ರ ಸರಿಯಾಗಿರುವುದಿಲ್ಲ. ಆದಕಾರಣ ಈ ತಿಂಗಳು ಆ ವಿಷಯವಾಗಿ ವಾಚಕರೊಡನೆ ಕೆಲವು ಮಾತುಗಳನ್ನಾಡಬಯಸುತ್ತೇವೆ.

ಪಾಠಶಾಲೆಯಲ್ಲಿ ನಾವು ಮಕ್ಕಳಿಗೆ ಕ್ರಯವಿಕ್ರಯದ ಲೆಕ್ಕ ಹೇಳಿಕೊಡುತ್ತಿದ್ದಾಗ ಅದರಲ್ಲಿ ಮೂರೇ ಪದಗಳಿರುತ್ತಿದ್ದವು: ಕೊಂಡ ಬೆಲೆ, ಮಾರಿದ ಬೆಲೆ, ಲಾಭ. ಕೊಂಡು ಮಾರುವ ವರ್ತಕನಿಗೆ ಅಷ್ಟು ಸಾಕು. ತಾನೇ ಮಾಡಿ ಮಾರುವವರಿಗಾದರೋ ನಾಲ್ಕನೆಯದೊಂದು ಪದವುಂಟು, ಅದು ಕೂಲಿ. ಮನೆಯ ಕೇಕಿನ ಲೆಕ್ಕದಲ್ಲಿ ಮರೆಯಾಗುವುದು ಇದೇ.

ಉದಾಹರಣೆಗೆ ಒಂದು ಕಿಲೋ ತೂಕದ, ಕ್ರೀಮಿನ ಗುಲಾಬಿಗಳನ್ನಿಟ್ಟ ಕೇಕನ್ನು ತೆಗೆದುಕೊಳ್ಳೋಣ. ಪದಾರ್ಥಗಳ ಧಾರಣೆ ಊರಿಂದೂರಿಗೆ ಬೇರೆಯಾಗುವುದರಿಂದ ಇಲ್ಲಿಯ ಅಂಕಿಗಳನ್ನು ಮಾದರಿಯೆಂದು ಮಾತ್ರ ಭಾವಿಸತಕ್ಕದ್ದು. ಮೈದಾ, ಸಕ್ಕರೆ, ಬೆಣ್ಣೆ, ಮೊಟ್ಟೆ, ಕ್ರೀಮು, ಬಣ್ಣ ಇವುಗಳಿಗೆ ೩೨೦ ರೂಪಾಯಿ, ಅಡಿಯ ರಟ್ಟು, ಡಬ್ಬಿಗಳಿಗೆ ೬೦, ವಿದ್ಯುತ್ತಿಗೆ ೨೦. ಇನ್ನು ಉಪಕರಣಗಳ ಸವೆತ. ೧೨,೦೦೦ ರೂಪಾಯಿಯ ಓವನ್ನು ೬೦೦ ಕೇಕುಗಳನ್ನು ಬೇಯಿಸಿ ಮೂಲೆಗೆ ಸೇರುವುದಾದರೆ ಕೇಕೊಂದಕ್ಕೆ ೨೦ ರೂಪಾಯಿ ಬಿತ್ತು. ಅಚ್ಚು, ನಳಿಕೆ, ತಕ್ಕಡಿಗಳಿಗೆ ಇನ್ನು ೧೦ ಇರಲಿ. ಒಟ್ಟು ೪೩೦ ಆಯಿತು. ಗೃಹಿಣಿಯು ಇದನ್ನು ೫೦೦ಕ್ಕೆ ಮಾರಿ, ಎಪ್ಪತ್ತು ರೂಪಾಯಿ ಲಾಭ ಬಂದಿತೆಂದು ಹಿಗ್ಗುತ್ತಾಳೆ. ಆದರೆ ಪೇಟೆಗೆ ಹೋಗಿ ಬಂದದ್ದು, ಹಿಟ್ಟು ಕಲಸಿದ್ದು, ಕ್ರೀಮು ಕಡೆದದ್ದು, ಒಂದೊಂದೇ ದಳವಾಗಿ ಹೂವು ಬಿಡಿಸಿದ್ದು, ಕಡೆಗೆ ಜಿಡ್ಡಿನ ಪಾತ್ರೆಗಳನ್ನು ತೊಳೆದದ್ದು, ಎಲ್ಲ ಸೇರಿ ನಾಲ್ಕೂವರೆ ಗಂಟೆ. ಎಪ್ಪತ್ತನ್ನು ಅದರಿಂದ ಭಾಗಿಸಿದರೆ ಗಂಟೆಗೆ ೧೬ ರೂಪಾಯಿಯೂ ಬರುವುದಿಲ್ಲ! ಕೈ ಕೆಸರಾದರೆ ಬಾಯಿ ಮೊಸರೆಂದು ಗಾದೆ. ಇಲ್ಲಿ ಕೈಯೇನೋ ಕೆಸರಾಯಿತು, ಮೊಸರು ಮಾತ್ರ ಕೊಂಡವರ ಪಾಲಾಯಿತು.

ಆಕೆಯ ಕೈಕೆಲಸಕ್ಕೆ ಗಂಟೆಗೆ ೧೦೦ ರೂಪಾಯಿಯಂತೆ ಹಿಡಿದರೆ ಕೂಲಿ ೪೫೦. ಮೊದಲಿನ ೪೩೦ ಸೇರಿ ೮೮೦. ಇದರ ಮೇಲೆ ನೂರಕ್ಕೆ ಹತ್ತರಂತೆ ೮೮ ಲಾಭವಿಟ್ಟರೆ ೯೬೮ ಆಗುತ್ತದೆ. ಇದು ನ್ಯಾಯವಾದ ಬೆಲೆ. ಕೇಕು ತಾನಾಗಿ ಬೇಯುವ, ಆರುವ ಹೊತ್ತಿನಲ್ಲಿ ಆಕೆ ಮನೆಯ ಬೇರೆ ಕೆಲಸ ನೋಡಿಕೊಳ್ಳುವಳಾದರೆ ಆ ಹೊತ್ತನ್ನು ಕೂಲಿಗೆ ಸೇರಿಸಕೂಡದು. ಕೊಳ್ಳುವವರಿಗೂ ನ್ಯಾಯ ಸಲ್ಲಬೇಕಷ್ಟೆ.

ಸಾಮಾನಿನ ಬೆಲೆಯನ್ನು ಮೂರರಿಂದ ಗುಣಿಸಿದರೆ ತೀರಿತೆಂದು ಕೆಲವರು, ಬೇಕರಿಯಂತೆ ಕಿಲೋಗೆ ಇಷ್ಟೆಂದು ಮತ್ತೆ ಕೆಲವರು ಲೆಕ್ಕಹಾಕುತ್ತಾರೆ. ಬರಿಯ ಕೇಕಿಗೆ ಇವು ಒಪ್ಪಿದರೂ ಒಪ್ಪಬಹುದು. ಆದರೆ ಸಾದಾ ಕೇಕಿಗೂ ನೂರು ಹೂಗಳ ಕೇಕಿಗೂ ಸಾಮಾನಿನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ದುಡಿಮೆಯಲ್ಲಿ ಅಜಗಜಾಂತರವುಂಟು. ಅಕ್ಕಸಾಲಿಗನು ಚಿನ್ನದ ತೂಕವನ್ನು ಬೇರೆ, ಕೂಲಿಯನ್ನು ಬೇರೆ ಹೇಳುವುದನ್ನು ನಾವೆಲ್ಲರೂ ಒಪ್ಪಿಲ್ಲವೆ? ಸಿಂಗಾರದ ಕೇಕಿಗೂ ಅದೇ ನೀತಿ.

ಹಿಂದಿನವರು ಈ ವಿಷಯವನ್ನು ಯೋಚಿಸಿರಲಿಲ್ಲವೆಂದಲ್ಲ. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು ೧೯೦೯ರಲ್ಲಿ ಮೊದಲು ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕನ ಲಾಭವನ್ನು ಸ್ವದೇಶದ ಸರಕಿಗೆ ನೂರಕ್ಕೆ ಐದು, ಪರದೇಶದ್ದಕ್ಕೆ ನೂರಕ್ಕೆ ಹತ್ತು ಎಂದು ಗೊತ್ತುಮಾಡಿದೆ. ದೂರದಿಂದ ಬಂದ ಸರಕಿಗೆ ಬೆಲೆ ಕಟ್ಟುವಾಗ ಹಾಕಿದ ಹಣ, ಸರಕಿನ ಪ್ರಮಾಣ, ಸುಂಕ, ಬಡ್ಡಿ, ಬಾಡಿಗೆ, ಇತರ ವೆಚ್ಚ ಇವೆಲ್ಲವನ್ನೂ ಎಣಿಸಬೇಕೆಂದೂ ಅಲ್ಲಿದೆ. ವೆಚ್ಚಗಳನ್ನೆಲ್ಲ ಎಣಿಸಿದ ಮೇಲೆಯೇ ಬೆಲೆ. ಮುಖ ನೋಡಿ ಹೇಳುವುದು ಬೆಲೆಯಲ್ಲ.

“ಸಾವಿರದ ಹತ್ತಿರ ಹೇಳಿದರೆ ಕೊಳ್ಳುವವರಾರು?” ಎಂದು ಸೋದರಿಯರು ಕೇಳಬಹುದು. ಗಿರಾಕಿಯ ಶಕ್ತಿ ೬೫೦ ರೂಪಾಯಿಯಾದರೆ ಕೂಲಿಯನ್ನು ಇಳಿಸಬೇಡಿರಿ, ಕೆಲಸವನ್ನು ಇಳಿಸಿರಿ. ಗುಲಾಬಿಗಳನ್ನು ಬಿಟ್ಟು ನುಣುಪಾಗಿ ಕ್ರೀಮು ಬಳಿದು ಮಗುವಿನ ಹೆಸರನ್ನಷ್ಟೇ ಬರೆದರೆ, ಅಥವಾ ಅರ್ಧ ಕಿಲೋದ ಕೇಕನ್ನೇ ಸೊಗಸಾಗಿ ಮಾಡಿದರೆ, ಹಬ್ಬಕ್ಕೆ ಕೊರತೆಯೇನೂ ಇಲ್ಲ. ಇಂಥ ಎರಡು ಮೂರು ಮಾದರಿಗಳ ಬೆಲೆಯನ್ನು ಮೊದಲೇ ಬರೆದಿಟ್ಟುಕೊಂಡರೆ ಚೌಕಾಸಿಯೂ ತಪ್ಪುತ್ತದೆ.

ಬಂಧುಮಿತ್ರರ ವಿಷಯ ಇದಕ್ಕಿಂತ ಸೂಕ್ಷ್ಮ. “ಮನೆಯಲ್ಲೇ ಮಾಡಿದ್ದಲ್ಲವೆ, ನಮಗೂ ಇಷ್ಟೇಕೆ?” ಎನ್ನುವವರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆ. ಕೊಡುವ ಮನಸ್ಸಿದ್ದರೆ ಪೂರ್ತಿ ಉಡುಗೊರೆಯಾಗಿ ಕೊಡಿರಿ. ಮಾರುವುದಾದರೆ ಎಲ್ಲರಂತೆ ಮಾರಿರಿ. ಅರ್ಧ ದಾನ, ಅರ್ಧ ವ್ಯಾಪಾರವಾದರೆ ಕೊಟ್ಟವರಿಗೆ ಪುಣ್ಯವಿಲ್ಲ, ಕೊಂಡವರಿಗೆ ಕೃತಜ್ಞತೆಯಿಲ್ಲ. ಇನ್ನೊಂದು ಮಾತು: ಮನೆಯಲ್ಲಿ ಬೇರೆ ವರಮಾನವಿದ್ದವರು ಕೂಲಿಯನ್ನು ಬಿಟ್ಟು ಅಗ್ಗಕ್ಕೆ ಮಾರತೊಡಗಿದರೆ, ಇದರಿಂದಲೇ ಮಕ್ಕಳ ಶಾಲೆಯ ಶುಲ್ಕ ಕಟ್ಟಬೇಕಾದ ನೆರೆಮನೆಯವಳ ಅನ್ನಕ್ಕೆ ಕಲ್ಲು ಬಿದ್ದಂತಾಗುತ್ತದೆ. ಅಗ್ಗದ ಬೆಲೆಯೆಲ್ಲವೂ ಔದಾರ್ಯವಲ್ಲ.

ಬೆಲೆ ಕೇಳುವವರಿಗೆ ಹೊಣೆಯೂ ಉಂಟು. ೨೦೦೬ರ ಆಹಾರ ಸುರಕ್ಷತೆಯ ಕಾಯಿದೆಗೆ ಒಳಪಟ್ಟು ಮನೆಯಲ್ಲಿ ಮಾಡಿ ಮಾರುವವರೂ ನೋಂದಣಿ ಮಾಡಿಸಿಕೊಳ್ಳತಕ್ಕದ್ದು. ಮೊಟ್ಟೆ ಹಾಕಿದೆಯೋ ಇಲ್ಲವೋ ಎಂಬುದನ್ನು ಕೇಳದಿದ್ದರೂ ತಿಳಿಸಬೇಕು. ಒಂದು ಮಗುವಿನ ಹೆಸರು ಬರೆದ ಕೇಕನ್ನು ಮತ್ತೊಬ್ಬರಿಗೆ ಮಾರಲಾಗದಾದ್ದರಿಂದ ಅರ್ಧ ಹಣವನ್ನು ಮುಂಗಡವಾಗಿ ಪಡೆಯುವುದು ಲೇಸು. ಬೇಸಗೆಯ ದಾರಿಯಲ್ಲಿ ಕ್ರೀಮು ಕರಗಿದರೆ ನಷ್ಟ ಯಾರದೆಂಬುದೂ ಮೊದಲೇ ಇತ್ಯರ್ಥವಾಗಿರಲಿ.

ಕಡೆಯದಾಗಿ ಮನೆಯ ಯಜಮಾನರಲ್ಲಿ ಒಂದು ವಿಜ್ಞಾಪನೆ. ಅಡಿಗೆಮನೆಯಲ್ಲಿ ಹೆಂಗಸರು ಕಳೆಯುವ ಹೊತ್ತಿಗೆ ಬೆಲೆಯಿಲ್ಲವೆಂದು ನಾವು ಬಹುಕಾಲದಿಂದ ನಂಬಿ ನಡೆದಿದ್ದೇವೆ. ಆದ್ದರಿಂದಲೇ ಆಕೆಗೂ ತನ್ನ ಹೊತ್ತಿಗೆ ಬೆಲೆ ಹೇಳಲು ನಾಲಗೆ ಏಳುವುದಿಲ್ಲ. ಒಂದು ಸಂಜೆ ಪುಸ್ತಕ, ಲೇಖನಿ ಹಿಡಿದು ಆಕೆಯ ಪಕ್ಕದಲ್ಲಿ ಕುಳಿತು ಮೇಲಿನ ಲೆಕ್ಕವನ್ನು ನಿಮ್ಮ ಊರಿನ ಧಾರಣೆಯಂತೆ ಮಾಡಿ ನೋಡಿರಿ. ಸಾಮಾನಿನ ಚೀಟಿಯ ಕೆಳಗೆ ಗಂಟೆಗಳನ್ನೂ ಬರೆಯಿರಿ. ಆ ಒಂದು ಸಾಲು ಸೇರಿತೆಂದರೆ ಬೆಲೆ ತಾನಾಗಿಯೇ ಸರಿಹೋಗುತ್ತದೆ.