ವರ್ಷಗಟ್ಲೆ ಓಡಿ ಬಂದೋರಿಗೂ ಒಂದು ಹಾರ ಬೇಡ್ವಾ?

ನಮ್ಮ ಜಾವಗಲ್ ಶ್ರೀನಾಥ್‌ಗೆ ಐಸಿಸಿಯ ಹಾಲ್ ಆಫ್ ಫೇಮ್‌ನಲ್ಲಿ ಒಂದು ಜಾಗ ಸಿಗಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಮೈಸೂರಿನೋರು ಅನ್ನೋ ಅಭಿಮಾನಕ್ಕೆ ಹೇಳ್ತಿದಾಳೆ ಅಂತ ನಗ್ಬೇಡಿ. ಅಭಿಮಾನ ಇದ್ದೇ ಇದೆ, ಇಲ್ಲ ಅನ್ನಲ್ಲ. ಮರಿಮಲ್ಲಪ್ಪ ಶಾಲೆಲಿ ಓದಿ, ಜೆಸಿಇಲಿ ಇಂಜಿನಿಯರಿಂಗ್ ಮಾಡಿದ ಹುಡುಗ ಲೋಕವೆಲ್ಲ ಸುತ್ತಿ ಬಂದ್ರೆ ಯಾರಿಗೆ ಖುಷಿ ಆಗಲ್ಲ ಹೇಳಿ. ಆದ್ರೆ ಇವತ್ತು ನಾನು ಅಭಿಮಾನ ಪಕ್ಕಕ್ಕಿಟ್ಟು ಲೆಕ್ಕ ಹೇಳ್ತೀನಿ. ಮನೆ ಲೆಕ್ಕ ಬರೆದು ಬರೆದು ನನಗೂ ಅಷ್ಟು ಲೆಕ್ಕ ಬರತ್ತೆ.

ಮೊದಲು ಈ ಹಾಲ್ ಆಫ್ ಫೇಮ್ ಅಂದ್ರೇನು ಅಂತ ಗೊತ್ತಿಲ್ಲದೋರಿಗೆ ಒಂದು ಮಾತು. 2009ರಲ್ಲಿ ಐಸಿಸಿ ಶುರು ಮಾಡಿದ ಗೌರವ ಇದು. ಆಟ ನಿಲ್ಲಿಸಿದ ದೊಡ್ಡ ಆಟಗಾರರ ಹೆಸರನ್ನ ಆರಿಸಿ ಒಂದು ಪಟ್ಟಿಗೆ ಸೇರಿಸ್ತಾ ಹೋಗ್ತಾರೆ. ನಮ್ಮ ಬೌಲರ್‌ಗಳಲ್ಲಿ ಬಿಷನ್ ಸಿಂಗ್ ಬೇಡಿ, ಕಪಿಲ್ ದೇವ್, ವಿನೂ ಮಂಕಡ್ ಇದಾರೆ. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ ಸೇರಿದ್ರು. ಹೆಣ್ಣುಮಕ್ಕಳಲ್ಲಿ ಡಯಾನಾ ಎಡುಲ್ಜಿ 2023ರಲ್ಲಿ, ನೀತು ಡೇವಿಡ್ 2024ರಲ್ಲಿ. ಎಲ್ಲ ಸರಿಯೇ. ಶ್ರೀನಾಥ್ ಹೆಸರು ಮಾತ್ರ ಇನ್ನೂ ಬಂದಿಲ್ಲ.

ಯಾಕೆ ಬಂದಿಲ್ಲ? ನಮ್ಮನೇಲಿ ಈ ಮಾತು ಬಂದಾಗೆಲ್ಲ ಹುಡುಗರು ಹೇಳೋದು ಒಂದೇ. "ದೊಡ್ಡಮ್ಮ, ಅವರು ಒಳ್ಳೇ ಬೌಲರ್ ಹೌದು, ಆದ್ರೆ ವಾಸಿಂ ಅಕ್ರಂ ಥರ ಅಲ್ಲ. ಟೆಸ್ಟಲ್ಲಿ ಒಂದು ವಿಕೆಟ್ಟಿಗೆ 30 ರನ್ ಕೊಟ್ಟಿದಾರೆ. ಸುಮಾರು ವರ್ಷ ಆಡಿದ್ರು, ಅದಕ್ಕೇ ವಿಕೆಟ್ ಜಾಸ್ತಿ ಆಯ್ತು ಅಷ್ಟೇ." ಈ "ಅಷ್ಟೇ" ಅನ್ನೋ ಪದ ಇದೆಯಲ್ಲ, ಅದಕ್ಕೇ ನನ್ನ ತಕರಾರು.

ಸುಮಾರು ವರ್ಷ ಆಡೋದು ಅಂದ್ರೆ ಬಸ್‌ಸ್ಟ್ಯಾಂಡಲ್ಲಿ ಕೂತಿದ್ದ ಹಾಗಾ? ಕೂತಿದ್ರೆ ಯಾರೂ ಇಟ್ಕೊಳಲ್ಲ. ಪ್ರತಿ ಸಲ ಟೀಮು ಆರಿಸುವಾಗ ಇವರು ಬೇಕು ಅಂತ ಯಾರೋ ಹೇಳ್ಬೇಕು. 1991ರಿಂದ 2003ರ ತನಕ ಹಾಗೆ ಹೇಳಿಸಿಕೊಂಡಿದಾರೆ. 67 ಟೆಸ್ಟ್, 236 ವಿಕೆಟ್. 229 ಒಂದು ದಿನದ ಪಂದ್ಯ, 315 ವಿಕೆಟ್. ಒಂದು ದಿನದ ಆಟದಲ್ಲಿ ಭಾರತದ ಬೌಲರ್‌ಗಳ ಪಟ್ಟಿ ತೆಗೀರಿ, ಮೊದಲನೇ ಹೆಸರು ಕುಂಬ್ಳೆ, 337. ಎರಡನೇದು ಶ್ರೀನಾಥ್. ಇಬ್ಬರೂ ಕರ್ನಾಟಕದೋರೇ. ಶ್ರೀನಾಥ್ ಆಟ ಬಿಟ್ಟು ಇಪ್ಪತ್ತು ವರ್ಷದ ಮೇಲಾಯ್ತು, ಇನ್ನೂ ಆ ಎರಡನೇ ಜಾಗ ಯಾರೂ ಕಿತ್ಕೊಂಡಿಲ್ಲ.

ಇನ್ನು ಆ 30 ರನ್ ವಿಷಯ. ಆಗಿನ ನಮ್ಮ ದೇಶದ ಪಿಚ್ ಹೇಗಿರ್ತಿತ್ತು ಅಂತ ನೆನಪಿಸ್ಕೊಳಿ. ಒಣಗಿದ ನೆಲ, ಎರಡನೇ ದಿನಕ್ಕೇ ಧೂಳು. ವೇಗದ ಬೌಲರ್ ನಾಲ್ಕಾರು ಓವರ್ ಹಾಕಿ ಚೆಂಡಿನ ಹೊಳಪು ತೆಗೆದು ಸ್ಪಿನ್ನರ್ ಕೈಗೆ ಕೊಡೋದು. ಇನ್ನೊಬ್ಬರ ಅಡುಗೆಗೆ ಒಲೆ ಹಚ್ಚಿಕೊಟ್ಟ ಹಾಗೆ. ಶುರುವಿನ ಮೂರು ವರ್ಷ ಅವರಿಗೆ ನಮ್ಮ ನೆಲದಲ್ಲಿ ಒಂದು ಟೆಸ್ಟ್ ಆಡೋಕೂ ಸಿಗಲಿಲ್ಲ. ಕಪಿಲ್ ಇದ್ರು, ಪ್ರಭಾಕರ್ ಇದ್ರು, ಜೊತೆಗೆ ಮೂರು ಜನ ಸ್ಪಿನ್ನರ್. ವಯಸ್ಸಿನ ಹುಡುಗ, ಮೈಯಲ್ಲಿ ವೇಗ ಉಕ್ಕುವ ಹೊತ್ತಲ್ಲಿ ಹೊರಗೆ ಕೂತು ಕಾದಿದಾರೆ. 1997ರಲ್ಲಿ ಭುಜಕ್ಕೆ ಪೆಟ್ಟಾಗಿ ಆಪರೇಷನ್ ಆಯ್ತು. ಬೌಲರ್‌ಗೆ ಭುಜ ಅಂದ್ರೆ ನಮಗೆ ಬಲಗೈ ಇದ್ದ ಹಾಗೆ. ಎಷ್ಟೋ ಜನರ ಆಟ ಅಲ್ಲಿಗೇ ಮುಗಿಯತ್ತೆ. ಇವರು ಮತ್ತೆ ಬಂದು ಐದು ವರ್ಷದ ಮೇಲೆ ಆಡಿದ್ರು.

ದಿನಾ ಒಂದೇ ಸಮ ಮಾಡೋರು, ದೊಡ್ಡ ದಿನ ಕೈ ಕೊಡ್ತಾರೆ ಅನ್ನೋ ಮಾತೂ ಇದೆ. ಅದಕ್ಕೂ ಉತ್ತರ ಇದೆ. 1996ರಲ್ಲಿ ಅಹಮದಾಬಾದ್ ಟೆಸ್ಟ್. ದಕ್ಷಿಣ ಆಫ್ರಿಕಾಗೆ ಗೆಲ್ಲೋಕೆ ಬೇಕಿದ್ದಿದ್ದು 170. ಶ್ರೀನಾಥ್ 21 ರನ್ನಿಗೆ 6 ವಿಕೆಟ್ ತೆಗೆದು, ಅವರು 105ಕ್ಕೆ ಮುಗಿದ್ರು. 1999ರ ಫೆಬ್ರವರಿಲಿ ಕಲ್ಕತ್ತಾದಲ್ಲಿ ಪಾಕಿಸ್ತಾನದ ಮೇಲೆ ಒಂದೇ ಟೆಸ್ಟಲ್ಲಿ 13 ವಿಕೆಟ್. ಆ ಪಂದ್ಯ ನಾವು ಸೋತ್ವಿ, ಹಾಗಾಗಿ 13 ಯಾರಿಗೂ ನೆನಪಿಲ್ಲ.

ಅದೇ ತಿಂಗಳ ಮೊದಲ ವಾರ ದೆಹಲಿಲಿ ಏನಾಯ್ತು ಅಂತ ಮಾತ್ರ ಎಲ್ಲರಿಗೂ ಗೊತ್ತು. ಕುಂಬ್ಳೆ ಒಂದೇ ಇನ್ನಿಂಗ್ಸಲ್ಲಿ ಹತ್ತಕ್ಕೆ ಹತ್ತೂ ತೆಗೆದ್ರು. ಒಂಬತ್ತು ಆದ ಮೇಲೆ ಆ ಕಡೆಯಿಂದ ಬೌಲಿಂಗ್ ಮಾಡ್ತಿದ್ದೋರು ಇದೇ ಶ್ರೀನಾಥ್. ಗೆಳೆಯನಿಗೆ ಹತ್ತನೇದು ಸಿಗ್ಲಿ ಅಂತ ಚೆಂಡನ್ನ ಬೇಕಂತಲೇ ಸ್ಟಂಪಿಂದ ದೂರ ದೂರ ಹಾಕಿದ್ರು. ಆ ಹತ್ತರ ಸ್ಕೋರಲ್ಲಿ ಶ್ರೀನಾಥ್ ಹೆಸರು ಎಲ್ಲೂ ಇಲ್ಲ. ಆದ್ರೆ ಅವರಿಲ್ಲದೆ ಹತ್ತು ಆಗ್ತಿತ್ತಾ? ಇಂಥಾ ಕೆಲಸಕ್ಕೆ ಯಾವ ಕಾಲಮ್ಮಲ್ಲಿ ಅಂಕ ಹಾಕ್ತೀರಿ?

ಈಗ ನಿಜವಾದ ನೋವಿನ ವಿಷಯಕ್ಕೆ ಬರ್ತೀನಿ. 2003ರ ವಿಶ್ವಕಪ್ ಫೈನಲ್ ಅಂದ ತಕ್ಷಣ ಜನ ಹೇಳೋದು, ಶ್ರೀನಾಥ್ 10 ಓವರಿಗೆ 87 ರನ್ ಕೊಟ್ರು ಅಂತ. ಕೊಟ್ರು, ಸುಳ್ಳಲ್ಲ. ಆದ್ರೆ ಅದೇ ಟೂರ್ನಿಲಿ 16 ವಿಕೆಟ್ ತೆಗೆದು ಫೈನಲ್ ತನಕ ಕರ್ಕೊಂಡು ಬಂದಿದ್ದು? ನಾಲ್ಕು ವಿಶ್ವಕಪ್ ಆಡಿ ಒಟ್ಟು 44 ವಿಕೆಟ್. 2023ರಲ್ಲಿ ಶಮಿ ದಾಟೋ ತನಕ, ಜಹೀರ್ ಖಾನ್ ಜೊತೆ ಭಾರತದ ಮೊದಲ ಸ್ಥಾನ ಅವರದ್ದೇ. ಅದ್ಯಾವುದೂ ಬಾಯಿಗೆ ಬರಲ್ಲ.

ನಮ್ಮತ್ತೆ ನಲವತ್ತು ವರ್ಷ ಈ ಮನೇಲಿ ಎರಡು ಹೊತ್ತು ಅಡುಗೆ ಮಾಡಿದೋರು. ಸಾರು ಹದವಾಗಿದ್ದ ದಿನ ಯಾರೂ ಬಾಯಿ ಬಿಡ್ತಿರ್ಲಿಲ್ಲ, ಸುರ್ಕೊಂಡು ಏಳ್ತಿದ್ರು. ಒಂದು ದಿನ ಉಪ್ಪು ಜಾಸ್ತಿ ಆದ್ರೆ ಮೂರು ದಿನ ಅದೇ ಮಾತು. ನಿಮ್ಮನೇಲೂ ಇದೇ ಕಥೆ ಅಲ್ವಾ? ಹಬ್ಬಕ್ಕೆ ಒಂದಿನ ಬಂದು ಒಬ್ಬಟ್ಟು ಮಾಡಿ ಹೋದೋರನ್ನ ವರ್ಷಪೂರ್ತಿ ಹೊಗಳ್ತೀವಿ. ದಿನಾ ಮಾಡೋದು ಸುಲಭ ಅಂತಲ್ಲ. ಅದು ಅಭ್ಯಾಸ ಆಗ್ಹೋಗಿ ಕಣ್ಣಿಗೆ ಬೀಳಲ್ಲ, ಅಷ್ಟೇ.

ಇದು ನಮ್ಮಲ್ಲಿ ಮಾತ್ರ ಅಂದ್ಕೋಬೇಡಿ. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಆಡ್ತಾರಲ್ಲ, ಅಲ್ಲೂ ಚೆಂಡು ಎಸೆಯೋರಿಗೆ ಪಿಚರ್ ಅಂತಾರೆ, ಅಲ್ಲೂ ಹಾಲ್ ಆಫ್ ಫೇಮ್ ಇದೆ. ಬರ್ಟ್ ಬ್ಲೈಲೆವನ್ ಅನ್ನೋರು 287 ಪಂದ್ಯ ಗೆದ್ದುಕೊಟ್ಟೋರು, 14ನೇ ವರ್ಷದ ಮತದಾನದಲ್ಲಿ, 2011ಕ್ಕೆ ಒಳಗೆ ಹೋದ್ರು. ಜಿಮ್ ಕಾಟ್ ಅನ್ನೋರು 25 ಸೀಸನ್ ಆಡಿ 283 ಗೆದ್ದೋರು. ಅವರಿಗೆ ಆ ಗೌರವ ಬಂದಿದ್ದು 2022ರಲ್ಲಿ, ಎಂಬತ್ತು ದಾಟಿದ ಮೇಲೆ. ಅಲ್ಲೂ ಇದೇ ಜಗಳ, "ಸುಮ್ನೆ ಜಾಸ್ತಿ ವರ್ಷ ಆಡಿದ್ರು" ಅಂತ. ಕೊನೆಗೆ ಒಪ್ಪಿಕೊಂಡ್ರಲ್ಲ, ಅದನ್ನ ಮೆಚ್ಚಬೇಕು.

ನಮ್ಮಲ್ಲೂ ಒಪ್ಪಿಕೊಂಡ ಉದಾಹರಣೆ ಇದೆ. ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದೋರು, ಅಷ್ಟು ಇನ್ಯಾರೂ ತೆಗೆದಿಲ್ಲ. ಭಾರತಕ್ಕೆ ಒಂದು ಟೆಸ್ಟೂ ಆಡಲಿಲ್ಲ. ಬಿಸಿಸಿಐ 2017ರಲ್ಲಿ ಅವರಿಗೆ ಸಿ.ಕೆ. ನಾಯುಡು ಪ್ರಶಸ್ತಿ ಕೊಡ್ತು. ತಡವಾಯ್ತು, ಆದ್ರೂ ಬದುಕಿದ್ದಾಗಲೇ ಕೊಟ್ರು. ನಮ್ಮ ದಾವಣಗೆರೆಯ ವಿನಯ್ ಕುಮಾರ್ ಕೂಡ ಇದೇ ಸಾಲಿಗೆ ಸೇರ್ತಾರೆ. ರಣಜಿಯಲ್ಲಿ 400ಕ್ಕೂ ಮೇಲೆ ವಿಕೆಟ್, ಅವರ ಕೈಕೆಳಗೆ ಕರ್ನಾಟಕ ಎರಡು ಸಲ ಸತತವಾಗಿ ಕಪ್ ಗೆದ್ದಿತು. ಭಾರತಕ್ಕೆ ಟೆಸ್ಟ್ ಆಡಿದ್ದು ಒಂದೇ ಒಂದು.

ಹಾಗಾದ್ರೆ ಜಾಸ್ತಿ ವರ್ಷ ಆಡಿದೋರಿಗೆಲ್ಲ ಹಾರ ಹಾಕ್ಬೇಕಾ ಅಂತ ಕೇಳ್ತೀರಿ. ಬೇಡ. ಎಲ್ಲರಿಗೂ ಹಾಕಿದ್ರೆ ಹಾರಕ್ಕೇ ಬೆಲೆ ಇರಲ್ಲ. ನಾನು ಮೂರು ಪ್ರಶ್ನೆ ಕೇಳ್ತೀನಿ. ಅವರಿದ್ದ ಕಾಲದಲ್ಲಿ ಅವರ ಭಾರ ಹೊರೋಕೆ ಬೇರೆ ಯಾರಾದ್ರೂ ಇದ್ರಾ? ಸಿಕ್ಕ ನೆಲ, ಸಿಕ್ಕ ಅವಕಾಶ ಎಂಥದ್ದು? ಅವರು ಹೋದ ಮೇಲೆ ದಾರಿ ಉಳೀತಾ? ಶ್ರೀನಾಥ್‌ಗೆ ಮೂರಕ್ಕೂ ಉತ್ತರ ಇದೆ. 1994ರಲ್ಲಿ ಕಪಿಲ್ ನಿಲ್ಲಿಸಿದ ಮೇಲೆ ವೇಗದ ಭಾರ ಹೊತ್ತೋರು ಇವರು. ಹೊತ್ತಿದ್ದು ಸತ್ತ ಪಿಚ್‌ಗಳ ಮೇಲೆ. ಕೊನೇ ವಿಶ್ವಕಪ್ಪಲ್ಲಿ ಜಹೀರ್, ನೆಹ್ರಾ ಅನ್ನೋ ಹುಡುಗರ ಜೊತೆ ಓಡಿ ಬಂದು, ಆಮೇಲೆ ಅವರ ಕೈಗೆ ಚೆಂಡು ಕೊಟ್ಟು ಹೋದ್ರು. ಈ ಮೂರೂ ಇಲ್ಲದೆ ಬರೀ ವರ್ಷ ಎಣಿಸಿದೋರಿಗೆ ಬೇಡ, ನಾನೂ ಒಪ್ತೀನಿ.

ನಮ್ಮ ಯಾದವಗಿರಿಲೇ ಆರ್.ಕೆ. ನಾರಾಯಣ್ ಅವರ ಮನೆ ಇದೆ. ವರ್ಷಾನುಗಟ್ಲೆ ಸಣ್ಣ ಊರಿನ ಸಣ್ಣ ಜನರ ಕಥೆ ಬರೀತಾ ಹೋದೋರು. ಆ ಮನೆಯನ್ನ ಕೆಡವೋಕೆ ಹೊರಟಿದ್ದರು. ಜನ ಕೂಗಿದ ಮೇಲೆ ಉಳೀತು, 2016ರಲ್ಲಿ ಮ್ಯೂಸಿಯಂ ಆಯ್ತು. ಕೂಗದೆ ಇದ್ದಿದ್ರೆ ಇವತ್ತು ಅಲ್ಲೊಂದು ಅಪಾರ್ಟ್‌ಮೆಂಟ್ ಇರ್ತಿತ್ತೇನೋ. ಹಾಗಾಗಿ ನಾವು ಹೆಂಗಸರು ಕೂಗೋದ್ರಿಂದ ಏನಾಗತ್ತೆ ಅನ್ಬೇಡಿ.

2006ರಿಂದ ಶ್ರೀನಾಥ್ ಐಸಿಸಿಯ ಮ್ಯಾಚ್ ರೆಫ್ರಿ. ಟೀವಿಲಿ ಟಾಸ್ ಹಾಕುವಾಗ ಕ್ಯಾಪ್ಟನ್‌ಗಳ ಪಕ್ಕ ಎತ್ತರಕ್ಕೆ, ಸುಮ್ಮನೆ ಒಬ್ರು ನಿಂತಿರ್ತಾರಲ್ಲ, ಅವರೇ. ಮುಂದಿನ ಸಲ ಮೊಮ್ಮಕ್ಕಳು "ಅಜ್ಜಿ, ಅದ್ಯಾರು?" ಅಂದ್ರೆ ರೆಫ್ರಿ ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ. ಐದು ನಿಮಿಷ ಕೂರಿಸ್ಕೊಂಡು 236, 315 ಎರಡೂ ಹೇಳಿ. ದೆಹಲಿಲಿ ಚೆಂಡು ದೂರ ಹಾಕಿದ್ದನ್ನ ಮಾತ್ರ ಮರೀದೆ ಹೇಳಿ.