ನೆಲ ತಪ್ಪಿದರೂ ನಡೆ ತಪ್ಪದವರು
1959ರಲ್ಲಿ ದಲೈ ಲಾಮಾ ಅವರ ಹಿಂದೆ ಹಿಮಾಲಯ ದಾಟಿ ಬಂದ ಟಿಬೆಟನ್ನರಲ್ಲಿ ಸಾವಿರಾರು ಜನರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ನೆಲ ಕೊಟ್ಟಿತು. ಕಾಡು ಕಡಿದು ಮುಸುಕಿನ ಜೋಳ ಬೆಳೆದ ಆ ಜನ, ಹೊಟ್ಟೆಪಾಡಿನ ಜತೆಯಲ್ಲೇ ಮಠವನ್ನೂ ಕಟ್ಟಿಕೊಂಡರು. ಟಿಬೆಟಿನ ಲಾಸಾದ ಬಳಿ 1419ರಲ್ಲಿ ಹುಟ್ಟಿದ ಸೆರಾ ಮಠ ಅದೇ ಹೆಸರಿನಲ್ಲಿ ಇಲ್ಲಿ ಮತ್ತೆ ತಲೆಯೆತ್ತಿತು. ಅಂಗಳದಲ್ಲಿ ಎಳೆಯ ಭಿಕ್ಷುಗಳು ಇಂದಿಗೂ ಚಪ್ಪಾಳೆ ತಟ್ಟಿ ತರ್ಕಕ್ಕಿಳಿಯುತ್ತಾರೆ. ಬಲಗೈಯಲ್ಲಿ ಪ್ರಾರ್ಥನಾ ಚಕ್ರ, ಎಡಗೈಯಲ್ಲಿ ಜಪಮಾಲೆ ಹಿಡಿದ ಅಜ್ಜಿಯರು ನಸುಕಿನಲ್ಲೇ ಪ್ರದಕ್ಷಿಣೆ ಹಾಕುತ್ತಾರೆ. ತವರಿನ ದಾರಿ ಮುಚ್ಚಿದರೂ ಆ ಸುತ್ತು ನಿಂತಿಲ್ಲ. ಬೈಲಕುಪ್ಪೆಗೆ ಹೋದರೆ ಬರೀ ಫೋಟೊ ತೆಗೆದುಕೊಂಡು ಮರಳಬೇಡಿ. ಆ ಅಜ್ಜಿಯರ ಹಿಂದೆ ಮೌನವಾಗಿ ಒಂದು ಸುತ್ತು ನಡೆಯಿರಿ.