ಕೆರೆದಂಡೆಯ ಮನೆ ಯಾರಿಗೆ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಅವರ ಕಾಲದಲ್ಲಿ ಕಲ್ಲು, ಮರ, ಹೆಂಚು ಹೊಂದಿಸುವುದೇ ಕಷ್ಟವಾಗಿತ್ತು. ನಮ್ಮ ಕಾಲದಲ್ಲಿ ನಿಲ್ಲಲು ನಾಲ್ಕಡಿ ನೆಲ ಹೊಂದಿಸುವುದೇ ಕಷ್ಟವಾಗಿದೆ. ಹೊಸಕೋಟೆ ದಾಟಿ ನರಸಾಪುರದ ಕಡೆ ಬನ್ನಿ, ಮಾಲೂರಿನ ರಸ್ತೆಗಳಲ್ಲಿ ಓಡಾಡಿ ನೋಡಿ. ರಾಗಿ ಬೆಳೆದ ಹೊಲಗಳಲ್ಲಿ ಈಗ ಗಡಿಕಲ್ಲುಗಳು ಬೆಳೆದಿವೆ. ಬದುವಿನ ಮೇಲೆ ಬಣ್ಣದ ಫಲಕಗಳು ನಿಂತಿವೆ. ಕೆರೆಯ ನೋಟವಂತೆ, ತಂಪು ಗಾಳಿಯಂತೆ, ಬೆಂಗಳೂರು ಕೂಗಳತೆಯಂತೆ! ಸಮುದ್ರವಿಲ್ಲದ ಜಿಲ್ಲೆಯಲ್ಲಿ ಕೆರೆಯನ್ನೇ ಸಮುದ್ರ ಮಾಡಿ ಮಾರುತ್ತಿದ್ದಾರೆ.

ನೀರಿನ ಬಳಿ ಮನೆ ಇರಲಿ, ಕೆಲಸಕ್ಕೆ ಹೋಗಿ ಬರಲು ಸುಲಭವಾಗಿರಲಿ ಎಂಬ ಆಸೆ ತಪ್ಪಲ್ಲ. ದುಡಿಯುವವನಿಗೂ ಆ ಆಸೆಯುಂಟು. ನಮ್ಮ ಪ್ರಶ್ನೆ ಒಂದೇ: ಆ ಮನೆ ಯಾರಿಗೆ?

ಬೆಳಗಿನ ಜಾವ ಮಾರಿಕುಪ್ಪದಿಂದ ಬೆಂಗಳೂರಿಗೆ ಹೊರಡುವ ರೈಲು ಇದಕ್ಕೆ ಉತ್ತರ ಹೇಳುತ್ತದೆ. ಬಂಗಾರಪೇಟೆ, ಟೇಕಲ್ ದಾಟಿ ಮಾಲೂರಿಗೆ ಬರುವಷ್ಟರಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಗಾರೆ ಕೆಲಸದವರು, ಕಾವಲುಗಾರರು, ಗಾರ್ಮೆಂಟ್ಸಿನ ಹೆಣ್ಣುಮಕ್ಕಳು, ಆಸ್ಪತ್ರೆಯ ದಾದಿಯರು ಅದರಲ್ಲಿ ನಿಂತೇ ಹೋಗುತ್ತಾರೆ. ಬೆಂಗಳೂರಿನ ಮಹಡಿಗಳನ್ನು ಕಟ್ಟುವವರು ಇವರು, ಕಾಯುವವರು ಇವರು, ಗುಡಿಸುವವರು ಇವರು. ಅಲ್ಲಿ ಒಂದು ವಠಾರದ ಮೂಲೆಗೆ ಮುಂಗಡ ಕೊಡುವ ಶಕ್ತಿ ಮಾತ್ರ ಇವರಿಗಿಲ್ಲ. ಆದ್ದರಿಂದ ದಿನವೂ ಊರಿನಿಂದ ಹೋಗುತ್ತಾರೆ, ಊರಿಗೆ ಮರಳುತ್ತಾರೆ.

ಕೋಲಾರದಲ್ಲಿ ಬಾಡಿಗೆ ಅಗ್ಗವಲ್ಲವೇ, ಇನ್ನೇನು ಬೇಕು ಎಂದು ಕೆಲವು ಮಹನೀಯರು ಕೇಳುತ್ತಾರೆ. ಅವರಿಗೆ ಲೆಕ್ಕ ಬರುವುದಿಲ್ಲ. ದಾರಿಯಲ್ಲಿ ಕಳೆಯುವ ಹೊತ್ತೂ ಬಾಡಿಗೆಯೇ. ಹೋಗಲು ಎರಡು ಗಂಟೆ, ಬರಲು ಎರಡು ಗಂಟೆ ಎಂದು ಹಿಡಿಯೋಣ. ತಿಂಗಳಿಗೆ 25 ದಿನ ದುಡಿದರೆ ದಾರಿಗೆ ಹೋದದ್ದು 100 ಗಂಟೆ. ಎಂಟು ಗಂಟೆಯ ದುಡಿಮೆಯ ಲೆಕ್ಕದಲ್ಲಿ ಅದು ಹನ್ನೆರಡೂವರೆ ದಿನ. ತಿಂಗಳಿಗೆ ಹನ್ನೆರಡೂವರೆ ದಿನ ಈ ಜನ ಕೂಲಿಯಿಲ್ಲದೆ ದುಡಿಯುತ್ತಾರೆ. ಎಂಟು ಗಂಟೆಯ ದಿನಕ್ಕಾಗಿ ಲೋಕದ ಕಾರ್ಮಿಕರು ರಕ್ತ ಸುರಿಸಿದರು. ರಾಜ್ಯದ ವಿಧಾನಮಂಡಲವೋ 2023ರಲ್ಲಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನಕ್ಕೆ 12 ಗಂಟೆ ದುಡಿಸಬಹುದೆಂದು ಕಾರ್ಖಾನೆ ಕಾಯಿದೆಯನ್ನು ತಿದ್ದಿತು. 12 ಗಂಟೆ ಯಂತ್ರದ ಮುಂದೆ, ನಾಲ್ಕು ಗಂಟೆ ದಾರಿಯಲ್ಲಿ! ಉಳಿದ ಎಂಟರಲ್ಲಿ ನಿದ್ದೆ, ಅಡುಗೆ, ಮಕ್ಕಳ ಮುಖ ಎಲ್ಲವೂ ಸೇರಬೇಕು. ಹೀಗೆ ಬದುಕುವವನಿಗೆ ಮನೆಯಿದ್ದರೂ ಅದು ಮನೆಯಲ್ಲ, ರಾತ್ರಿಯ ಛತ್ರ.

ನಮ್ಮ ಜಿಲ್ಲೆಯ ಹಳೆಯ ಕಥೆಯನ್ನು ನೆನೆಯೋಣ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೆ.ಜಿ.ಎಫ್.ನಲ್ಲಿ ಚಿನ್ನ ಅಗೆಯಲು ತೊಡಗಿತು. ಆಳುಗಳಿಗೆ ಗಣಿಯ ಪಕ್ಕದಲ್ಲೇ ಸಾಲು ಗುಡಿಸಲುಗಳನ್ನು ಹಾಕಿಸಿತು. ಅವು ಇಕ್ಕಟ್ಟಿನ ಒಂಟಿ ಕೋಣೆಗಳು. ದೊರೆಗಳ ಬಂಗಲೆಗಳ ಎದುರು ನಾಚಿಕೆಗೇಡಿನವು. ಆದರೂ ಗಣಿಗೆ ಇಳಿಯುವವನು ಗಣಿಯ ಹತ್ತಿರ ಇರಬೇಕೆಂಬ ಮಾತು ಲಾಭಕೋರ ಬಿಳಿಯ ಕಂಪನಿಗೂ ತಿಳಿದಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾಲುಮನೆಗಳು ಉಳಿದವು, ಕೆಲಸ ಹೋಯಿತು. ಗಣಿಗಾರರ ಮಕ್ಕಳು ರೈಲು ಹತ್ತಿದರು. ಅವರಿಗೆ ಮನೆ ಒಂದು ಕಡೆ, ಅನ್ನ ಇನ್ನೊಂದು ಕಡೆ ಆಯಿತು.

ಈಚೆಗೆ ಮಾಲೂರಿನಲ್ಲಿ, ನರಸಾಪುರದಲ್ಲಿ ದೊಡ್ಡ ಕಾರ್ಖಾನೆಗಳು ಬಂದವು. ಅವುಗಳಿಗೆ ಸರ್ಕಾರ ರೈತರ ಜಮೀನು ಕೊಡಿಸಿತು, ರಸ್ತೆ ಮಾಡಿಸಿತು, ವಿದ್ಯುತ್ತು ಎಳೆಸಿತು. ಕಾರ್ಖಾನೆಗೆ ನಿವೇಶನ ಗುರುತಿಸಿದ ಕೈಗೆ ಕಾರ್ಮಿಕನ ಮನೆಗೆ ನಿವೇಶನ ಗುರುತಿಸಲು ಆಗಲಿಲ್ಲವೇ? 2020ರ ಡಿಸೆಂಬರಿನಲ್ಲಿ ನರಸಾಪುರದ ಐಫೋನ್ ಕಾರ್ಖಾನೆಯಲ್ಲಿ ಸಂಬಳದ ಬಾಕಿಗಾಗಿ ಗುತ್ತಿಗೆ ಕಾರ್ಮಿಕರು ಸಿಡಿದೆದ್ದಾಗ ಎಲ್ಲರೂ ಒಡೆದ ಗಾಜನ್ನು ಎಣಿಸಿದರು. ಆ ಹುಡುಗರು ರಾತ್ರಿಪಾಳಿ ಮುಗಿಸಿ ಎಲ್ಲಿ ಮಲಗುತ್ತಾರೆಂದು ಎಣಿಸಿದವರು ಎಷ್ಟು ಮಂದಿ?

ಇನ್ನು ದಾರಿಯ ಮಾತು. 2024ರ ಕೊನೆಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗೆ ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ತೆರೆಯಿತು. ನಮ್ಮ ಹೊಲಗಳ ನಡುವೆ ಹಾದುಹೋಗುವ ಆ ಹಾದಿ ಕಾರಿನವರಿಗೆ ಮೀಸಲು. ಬೈಕಿನಲ್ಲಿ ಕೆಲಸಕ್ಕೆ ಹೋಗುವವನಿಗೆ ಅಲ್ಲಿ ಪ್ರವೇಶವಿಲ್ಲ. 2023ರ ಮಾರ್ಚಿನಲ್ಲಿ ಮೆಟ್ರೋ ರೈಲು ವೈಟ್‌ಫೀಲ್ಡಿಗೆ ಬಂತು. ಸಂತೋಷ. ಆದರೆ ಅಲ್ಲಿಯವರೆಗೆ ನಮ್ಮವರು ಬರುವುದು ಹೇಗೆ? ಮಾಲೂರು ಮುಖ್ಯ ರೈಲುಮಾರ್ಗದಲ್ಲಿದೆ. ಕೋಲಾರದವರು ರೈಲಿನಲ್ಲಿ ಬೆಂಗಳೂರಿಗೆ ಹೋಗಬೇಕಾದರೆ ಬಂಗಾರಪೇಟೆಗೆ ಇಳಿದು ಸುತ್ತಬೇಕು, ಇಲ್ಲವೇ ಶ್ರೀನಿವಾಸಪುರ, ಚಿಂತಾಮಣಿ, ಚಿಕ್ಕಬಳ್ಳಾಪುರ ಎಂದು ಪ್ರದಕ್ಷಿಣೆ ಹಾಕಬೇಕು. ಮುಳಬಾಗಿಲಿಗೆ ರೈಲೇ ಇಲ್ಲ, ಬಸ್ಸೇ ಗತಿ. 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿಲ್ಲವೆಂದಾಗ ದುಡಿಯುವ ಹೆಣ್ಣುಮಕ್ಕಳ ಕೈಯಲ್ಲಿ ನಾಲ್ಕು ಕಾಸು ಉಳಿಯಿತು. ಅದು ಒಳ್ಳೆಯ ಕೆಲಸ, ಒಪ್ಪುತ್ತೇವೆ. ದುಡ್ಡು ಉಳಿಯಿತು, ಹೊತ್ತು ಉಳಿಯಲಿಲ್ಲ.

ನೆಲ ಇಷ್ಟು ದುಬಾರಿಯಾದದ್ದು ದೈವೇಚ್ಛೆಯಿಂದಲ್ಲ, ಕಾಯಿದೆಯಿಂದ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿ ಜೈಲಿಗೆ ಹೋದರು. ಅಂಥ ಹೋರಾಟಗಳ ಫಲವಾಗಿ 1974ರಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿ ಬಂದು ಉಳುವವನು ಹೊಲದೊಡೆಯನಾದನು. ಕೃಷಿಕನಲ್ಲದ ಧನಿಕ ಹೊಲ ಕೊಳ್ಳದಂತೆ 79ಎ, 79ಬಿ ಎಂಬ ಬೇಲಿಗಳಿದ್ದವು. 2020ರಲ್ಲಿ ಆ ಬೇಲಿಗಳನ್ನು ಕಿತ್ತರು. ಬೇಲಿ ಕಿತ್ತ ಹೊಲಕ್ಕೆ ಯಾರು ನುಗ್ಗುತ್ತಾರೆಂದು ಹಳ್ಳಿಯ ಮಗುವೂ ಹೇಳೀತು. ಬೆಂಗಳೂರಿನ ದುಡ್ಡು ನುಗ್ಗಿತು. ಸಾಲ ತೀರಿಸಲು ರೈತ ಎಕರೆಯ ಲೆಕ್ಕದಲ್ಲಿ ಮಾರಿದ. ದಲ್ಲಾಳಿ ಅದನ್ನೇ ಚದರಡಿಯ ಲೆಕ್ಕದಲ್ಲಿ ಮಾರಿದ. ಈ ಎರಡು ಲೆಕ್ಕಗಳ ನಡುವಿನ ಅಂತರವೇ ಇವರು ಹೇಳುವ ಅಭಿವೃದ್ಧಿ. ಕೊನೆಗೆ ಬಡವನ ಪಾಲಿಗೆ ಬಂದದ್ದು ಭೂಪರಿವರ್ತನೆಯಾಗದ ರೆವಿನ್ಯೂ ನಿವೇಶನ. ಬ್ಯಾಂಕಿನವರು ಅದಕ್ಕೆ ಸಾಲ ಕೊಡುವುದಿಲ್ಲ, ಪಂಚಾಯಿತಿಯವರು ಚರಂಡಿ ಮಾಡುವುದಿಲ್ಲ.

ಕೆರೆಯ ಕಥೆಯೂ ಇದೇ. ನಿತ್ಯ ಹರಿಯುವ ನದಿಯಿಲ್ಲದ ಈ ಜಿಲ್ಲೆಗೆ ಕೆರೆಯೇ ತಾಯಿ. ಮಳೆ ಕೈಕೊಟ್ಟು ಅವು ಒಣಗಿದ್ದಾಗ, 2018ರ ಜೂನ್‌ನಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧಿಮಾಡಿ ಲಕ್ಷ್ಮೀಸಾಗರದ ಕೆರೆಗೆ ಬಿಟ್ಟರು. ದಿನಕ್ಕೆ 44 ಕೋಟಿ ಲೀಟರ್ ತಂದು 126 ಕೆರೆ ತುಂಬಿಸುವುದು ಯೋಜನೆ. ಮೂರನೆಯ ಹಂತವೂ ಶುದ್ಧಿಯಾಗಲಿ ಎಂದು ನಮ್ಮ ಜನ ಕೇಳುತ್ತಲೇ ಬಂದರು. ಬೆಂಗಳೂರು ನಮ್ಮಿಂದ ಬೆಳಿಗ್ಗೆ ಆಳುಗಳನ್ನು ತರಿಸಿಕೊಂಡು, ಬದಲಿಗೆ ತಾನು ಬಳಸಿ ಬಿಟ್ಟ ನೀರನ್ನು ಕಳಿಸುತ್ತದೆ. ಆ ನೀರು ಕೆರೆಯಲ್ಲಿ ಮಿನುಗಿದೊಡನೆ ನಿವೇಶನದ ವ್ಯಾಪಾರಿ ಅದಕ್ಕೂ ಬೆಲೆ ಕಟ್ಟಿದ. 2014ರ ಕೆರೆ ಸಂರಕ್ಷಣೆ ಕಾಯಿದೆ ಕೆರೆಯ ಸುತ್ತ 30 ಮೀಟರ್ ಬಯಲು ಬಿಡಬೇಕೆಂದಿತು. 2025ರಲ್ಲಿ ಆ ಅಂತರವನ್ನು ಕಿರಿದು ಮಾಡುವ ಮಸೂದೆಯನ್ನೇ ವಿಧಾನಮಂಡಲಕ್ಕೆ ತಂದರು. ಅಂಚು ಕಿರಿದಾದರೆ ಯಾರ ಗೋಡೆ ಮುಂದೆ ಬರುತ್ತದೆ? ಕುರಿ ಮೇಯಿಸುವವನದೇ? ಬಟ್ಟೆ ಒಗೆಯುವವಳದೇ?

ಬೇರೆ ದಾರಿಯಿಲ್ಲ, ಎಲ್ಲ ಕಡೆಯೂ ಹೀಗೆಯೇ ಎನ್ನುವವರು ವಿಯೆನ್ನಾ ನಗರವನ್ನು ನೋಡಲಿ. ಮೊದಲ ಮಹಾಯುದ್ಧದಲ್ಲಿ ಸೋತು ಹಸಿದಿದ್ದ ಆ ನಗರದ ಆಡಳಿತ ಸಮಾಜವಾದಿಗಳ ಕೈಗೆ ಬಂತು. 1923ರಲ್ಲಿ ಅವರು ದೊಡ್ಡ ಮನೆಗೆ ದೊಡ್ಡ ತೆರಿಗೆ ಎಂಬ ನ್ಯಾಯದಲ್ಲಿ ವಸತಿ ತೆರಿಗೆ ಹಾಕಿದರು. 1934ರ ಹೊತ್ತಿಗೆ 60 ಸಾವಿರದಷ್ಟು ಮನೆಗಳನ್ನು ನಗರವೇ ಕಟ್ಟಿ, ಕಾರ್ಮಿಕರ ಕೈಗೆಟುಕುವ ಬಾಡಿಗೆಗೆ ಕೊಟ್ಟಿತು. 1934ರಲ್ಲಿ ಸರ್ವಾಧಿಕಾರಿಯ ಸೈನ್ಯ ಆ ಮನೆಗಳ ಮೇಲೆ ಫಿರಂಗಿ ಹಾರಿಸಿತು. ಸರ್ವಾಧಿಕಾರಿ ಹೋದ, ಮನೆಗಳು ನಿಂತವು. ಆ ನಗರದ ಕೈಯಲ್ಲಿ ಇಂದಿಗೂ 2 ಲಕ್ಷಕ್ಕೂ ಹೆಚ್ಚು ಬಾಡಿಗೆ ಮನೆಗಳಿವೆ. ನಮ್ಮಲ್ಲಿಯೂ 2020ರಲ್ಲಿ, ವಲಸೆ ಕಾರ್ಮಿಕರು ಬರಿಗಾಲಲ್ಲಿ ಊರಿಗೆ ನಡೆದ ಮೇಲೆ, ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ಮನೆಗಳ ಯೋಜನೆಯನ್ನು ಸಾರಿತು. ಹಾಗಾದರೆ ಬಾಡಿಗೆ ಮನೆ ಒದಗಿಸುವುದು ಸರ್ಕಾರದ ಕೆಲಸವೆಂದು ಸರ್ಕಾರವೇ ಒಪ್ಪಿದಂತಾಯಿತು. ಒಪ್ಪಿದ ಮೇಲೆ ಕಟ್ಟಬೇಕು.

ನಾವು ಕೇಳುವುದು ಇಷ್ಟು. ಒಂದು: ಮಾಲೂರು, ಬಂಗಾರಪೇಟೆ, ಕೋಲಾರ, ಶ್ರೀನಿವಾಸಪುರದ ರೈಲು ನಿಲ್ದಾಣಗಳ ಬಳಿ, ಮುಳಬಾಗಿಲ ಬಸ್ ನಿಲ್ದಾಣದ ಬಳಿ ಇರುವ ಸರ್ಕಾರಿ ಜಾಗದಲ್ಲಿ ಸರ್ಕಾರವೇ ಬಾಡಿಗೆ ಮನೆ ಕಟ್ಟಲಿ, ಮಾರುವುದು ಬೇಡ. ಎರಡು: ಜಮೀನು ಪಡೆದ ಪ್ರತಿ ಕಾರ್ಖಾನೆಯೂ ಕಾರ್ಮಿಕರ ವಸತಿಗೆ ತನ್ನ ಪಾಲು ಕೊಡಲಿ. ಮೂರು: ಪಾಳಿಯ ಹೊತ್ತಿಗೆ ಸರಿಯಾಗಿ ರೈಲು, ವೈಟ್‌ಫೀಲ್ಡಿಗೆ ನೇರ ಬಸ್ಸು ಬಿಡಲಿ. ನಾಲ್ಕು: ಕೆರೆಯ ಅಂಚು ಊರಿನದಾಗಿಯೇ ಉಳಿಯಲಿ. ಐದು: 2020ರಲ್ಲಿ ಕಿತ್ತ ಬೇಲಿಯನ್ನು ಮತ್ತೆ ಹಾಕಲಿ.

ಗ್ರಾಮಸಭೆಗಳಲ್ಲಿ, ಕಾರ್ಖಾನೆಯ ಬಾಗಿಲಲ್ಲಿ, ರೈಲಿನ ಡಬ್ಬಿಯಲ್ಲಿ ಈ ಮಾತು ನಡೆಯಲಿ. ವೋಟು ಕೇಳಲು ಬಂದವರನ್ನು ಕೆರೆ ಏರಿಯ ಮೇಲೆ ನಿಲ್ಲಿಸಿ ಕೇಳಿ: ಸ್ವಾಮಿ, ಈ ನೀರು ನಮ್ಮದು, ಆ ನೆಲ ನಮ್ಮದು, ಅಲ್ಲಿ ಏಳುವ ಗೋಡೆ ಕಟ್ಟುವವರು ನಾವು. ಅದರೊಳಗೆ ಮಲಗುವವರು ಯಾರು?